ಮಡಚುವ ಮೂಲೆಮಟ್ಟ ಮಾಡಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಿನಲ್ಲಿ ಸಾಮಾನು ಕಟ್ಟಿಕೊಂಡು ಸೈಟಿನಿಂದ ಸೈಟಿಗೆ ಓಡಾಡುವ ಬಡಗಿಗಳು, ಮನೆಯಲ್ಲೇ ಮರಗೆಲಸ ಮಾಡುವ ಹವ್ಯಾಸಿಗಳು, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಗುನಿಯಾ ಎನ್ನಿ, ಮೂಲೆಮಟ್ಟ ಎನ್ನಿ, ಎರಡೂ ಒಂದೇ: ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಎಂದು ನೋಡುವ, ಗೆರೆ ಹಾಕುವ ಸಾಧನ.

ಇರುವ ಮೂಲೆಮಟ್ಟವೇ ಚೆನ್ನಾಗಿದೆಯಲ್ಲ, ಅದನ್ನು ಮಡಚುವುದು ಯಾಕೆ?

ಆರೋ ಎಂಟೋ ಇಂಚಿನ ಟ್ರೈ ಸ್ಕ್ವೇರನ್ನು, ಅಂದರೆ ಸಣ್ಣ ಮೂಲೆಮಟ್ಟವನ್ನು, ಮಡಚಬೇಕಾಗಿಲ್ಲ. ಅದು ಚೀಲದ ಮೂಲೆಯಲ್ಲಿ ಹೇಗೋ ಕೂರುತ್ತದೆ. ತೊಂದರೆ ಇರುವುದು ಎಲ್ ಆಕಾರದ ದೊಡ್ಡ ಉಕ್ಕಿನ ಮಟ್ಟದಲ್ಲಿ. ಅದರ ಒಂದು ತೋಳು 24 ಇಂಚು, ಇನ್ನೊಂದು 16 ಇಂಚು. ಪ್ಲೈವುಡ್ ಮೇಲೆ ಗೆರೆ ಹಾಕಲು, ಬಾಗಿಲಿನ ಚೌಕಟ್ಟು ಕೂಡಿಸಲು, ಗೋಡೆಯ ಮೂಲೆ ನೋಡಲು ಅದೇ ಬೇಕು. ಆದರೆ ಬ್ಯಾಗಿಗೆ ಹಾಕಿದರೆ ಒಂದು ತೋಳು ಹೊರಗೆ ನಿಲ್ಲುತ್ತದೆ, ಬೈಕಿನ ಪಕ್ಕಕ್ಕೆ ಕಟ್ಟಿದರೆ ಯಾರಿಗಾದರೂ ತಾಗುತ್ತದೆ, ಬಸ್ಸಿನಲ್ಲಂತೂ ಕೇಳಲೇಬೇಡಿ. ಇಷ್ಟಕ್ಕೆಲ್ಲ ಬೇಸತ್ತು ಎಷ್ಟೋ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಸೈಟಿನಲ್ಲಿ ಸಣ್ಣ ಮಟ್ಟ ಇಟ್ಟು, ಗೆರೆಯನ್ನು ಪಟ್ಟಿಯಿಂದ ಮುಂದಕ್ಕೆ ಎಳೆಯುತ್ತಾರೆ. ಆರು ಇಂಚಿನಲ್ಲಿ ಕಾಣದ ತಪ್ಪು ನಾಲ್ಕು ಅಡಿಗೆ ಹೋಗುವಷ್ಟರಲ್ಲಿ ಎಂಟು ಪಟ್ಟಾಗಿರುತ್ತದೆ.

ಇದು ಹೊಸ ಐಡಿಯಾನಾ?

ಅಲ್ಲ, ತುಂಬಾ ಹಳೆಯದು. ರೋಮನ್ನರ ಕಾಲದ ಮಡಚುವ ಕಂಚಿನ ಅಡಿಪಟ್ಟಿಗಳು ಸಿಕ್ಕಿವೆ. ಬಿಚ್ಚಿದರೆ ಸುಮಾರು 29.6 ಸೆಂ.ಮೀ., ಅಂದರೆ ಒಂದು ರೋಮನ್ ಅಡಿ. ಬಿಚ್ಚಿದ ಮೇಲೆ ಮತ್ತೆ ಮಡಚಿಕೊಳ್ಳದ ಹಾಗೆ ಪಕ್ಕದಲ್ಲಿ ಒಂದು ಸಣ್ಣ ಕೊಂಡಿ ಇರುತ್ತಿತ್ತು. ಆ ಕೊಂಡಿಯನ್ನು ನೆನಪಿನಲ್ಲಿಡಿ, ಮುಂದೆ ಅದರದೇ ಮಾತು ಬರುತ್ತದೆ. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಪ್ಯಾರಿಸ್ಸಿನ ಉಪಕರಣ ತಯಾರಕರು ನಕ್ಷೆ ಬರೆಯುವವರಿಗಾಗಿ ಹಿತ್ತಾಳೆಯ ಮಡಚುವ ಮಟ್ಟಗಳನ್ನು ಮಾಡುತ್ತಿದ್ದರು.

ಮಡಚದ ಉಕ್ಕಿನ ದೊಡ್ಡ ಮಟ್ಟ ಬಂದಿದ್ದು ಆಮೇಲೆ. ಅಮೆರಿಕದ ವರ್ಮಾಂಟ್ ರಾಜ್ಯದ ಶಾಫ್ಟ್ಸ್‌ಬರಿ ಎಂಬ ಊರಿನ ಕಮ್ಮಾರ ಸೈಲಸ್ ಹಾಸ್ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಹಳೆಯ ಗರಗಸದ ಅಲಗುಗಳನ್ನು ಬೆಸೆದು ಅದನ್ನು ಮಾಡಿದ ಎನ್ನುತ್ತಾರೆ. 1925ರಲ್ಲಿ ಆಲ್ಬರ್ಟ್ ಸ್ವಾನ್ಸನ್ ತ್ರಿಕೋನಾಕಾರದ ಸ್ಪೀಡ್ ಸ್ಕ್ವೇರ್ ತಂದರು. ಒಯ್ಯುವ ಕಷ್ಟಕ್ಕೆ ಅವರು ಕಂಡುಕೊಂಡ ದಾರಿ ಬೇರೆ: ಮಡಚುವ ಬದಲು ಇಡೀ ಮಟ್ಟವನ್ನೇ ಏಳು ಇಂಚಿಗೆ ಇಳಿಸಿಬಿಟ್ಟರು. ಈಗ ಸ್ವೀಡನ್ನಿನ ನೋಬೆಕ್ಸ್ ಕ್ವಾಟ್ರೋ ಎಂಬ ಮಡಚುವ ಮಟ್ಟ ಹೊರದೇಶಗಳಲ್ಲಿ ಹೆಸರು ಮಾಡಿದೆ. ಅದು 45, 90 ಮತ್ತು 135 ಡಿಗ್ರಿಯಲ್ಲಿ ನಿಲ್ಲುತ್ತದೆ.

ಹಾಗಾಗಿ ಮಡಚಬಹುದೇ ಎಂಬ ಪ್ರಶ್ನೆ ಯಾವತ್ತೋ ತೀರಿಹೋಗಿದೆ. ದಿನಾ ಬಿಚ್ಚಿ ಮಡಚಿ, ದೂಳು ತಿಂದು, ಚೀಲದಲ್ಲಿ ಸುತ್ತಿಗೆಯ ಜೊತೆ ಗುದ್ದಾಡಿದ ಮೇಲೂ ಅದು ಮೂಲೆ ಬಿಡದೆ ಇರುತ್ತದೆಯೇ? ಪ್ರಶ್ನೆ ಅದು.

ಎಷ್ಟು ದೊಡ್ಡದು ಮಾಡಬೇಕು?

ಮೊದಲು ನಿಮ್ಮ ಚೀಲ ಅಳೆಯಿರಿ. ಬೆನ್ನಿಗೆ ಹಾಕುವ ಮಾಮೂಲಿ ಬ್ಯಾಗಿನ ಎತ್ತರ 45ರಿಂದ 50 ಸೆಂ.ಮೀ. ಇರುತ್ತದೆ. 24 ಇಂಚಿನ ತೋಳನ್ನು ಮಡಚಿದರೂ ಉದ್ದ 24 ಇಂಚೇ, ಅಂದರೆ 61 ಸೆಂ.ಮೀ. ಅದು ಆಗಲೂ ಹೊರಗೇ ಇಣುಕುತ್ತದೆ. ಉದ್ದ ತೋಳು 400 ಮಿ.ಮೀ., ಗಿಡ್ಡ ತೋಳು 300 ಮಿ.ಮೀ. ಇಟ್ಟುಕೊಂಡರೆ ಚೀಲದೊಳಗೆ ಪೂರ್ತಿ ಕೂರುತ್ತದೆ. ಮುಕ್ಕಾಲು ಪಾಲು ಕೆಲಸಕ್ಕೆ ಅದು ಸಾಕು. ನನ್ನನ್ನು ಕೇಳಿದರೆ ಮೊದಲನೆಯದನ್ನು ಈ ಅಳತೆಯಲ್ಲೇ ಮಾಡಿ.

ಉದ್ದ ತೋಳನ್ನೂ ನಡುವೆ ಮಡಚಿ ಮೂರು ಮಡಿಕೆ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು. ಆದರೆ ಆಗ ಮೂಲೆಯ ಜೊತೆಗೆ ತೋಳು ನೆಟ್ಟಗಿದೆಯೇ ಎಂಬ ಎರಡನೇ ತಲೆನೋವು ಸೇರಿಕೊಳ್ಳುತ್ತದೆ. ಬೇಡ.

ಎಷ್ಟು ಕರಾರುವಾಕ್ಕಾಗಿರಬೇಕು?

ಒಂದು ಡಿಗ್ರಿ ತಪ್ಪಿದರೆ 400 ಮಿ.ಮೀ. ದೂರದಲ್ಲಿ 7 ಮಿ.ಮೀ. ವ್ಯತ್ಯಾಸ. ನಮ್ಮ ಲೆಕ್ಕದಲ್ಲಿ ಎರಡು ನೂಲಿಗಿಂತ ಜಾಸ್ತಿ (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ). ಅದು ಬರಿಗಣ್ಣಿಗೇ ಕಾಣುತ್ತದೆ, ಯಾರೂ ಒಪ್ಪುವುದಿಲ್ಲ. ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೆ 0.7 ಮಿ.ಮೀ. ಬಾಗಿಲಿನ ಚೌಕಟ್ಟಿಗೆ ಅದು ನಡೆಯುತ್ತದೆ. ಅಡುಗೆಮನೆಯ ಕಪಾಟಿಗೆ, ಡ್ರಾಯರ್‌ಗೆ ನಡೆಯುವುದಿಲ್ಲ, ಡ್ರಾಯರ್ ಚಾನೆಲ್ ಹಿಡಿದುಕೊಳ್ಳುತ್ತದೆ.

400 ಮಿ.ಮೀ. ತೋಳಿನ ತುದಿಯಲ್ಲಿ 0.2ರಿಂದ 0.3 ಮಿ.ಮೀ. ಒಳಗೆ ಇದ್ದರೆ ಮರಗೆಲಸಕ್ಕೆ ಚೆನ್ನಾಗಿಯೇ ಇದೆ ಎನ್ನಬಹುದು. ಪೆನ್ಸಿಲ್ ಗೆರೆಯ ದಪ್ಪವೇ ಸುಮಾರು ಅರ್ಧ ಮಿ.ಮೀ. ಇರುತ್ತದೆ ಅಲ್ವಾ? ಲೇತ್ ಶಾಪಿನವರ ಇಂಜಿನಿಯರ್ಸ್ ಸ್ಕ್ವೇರ್ ಜೊತೆ ಪೈಪೋಟಿಗೆ ಇಳಿಯಬೇಡಿ. ಅದರ ಕೆಲಸ ಬೇರೆ.

ಕೀಲು ಇದ್ದ ಮೇಲೆ ಅದು ಸಡಿಲ ಆಗಿಯೇ ಆಗುತ್ತದೆ. ಮತ್ತೆ ಮೂಲೆ ಹೇಗೆ ನಿಲ್ಲುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ್ದು ಕೂಡ. ಕೆಟ್ಟುಹೋದ ಮಡಚುವ ಮಟ್ಟಗಳನ್ನು ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ಒಂದೇ ಕಥೆ. ಮಡಚುವ ಕೆಲಸವನ್ನೂ ಮೂಲೆ ಹಿಡಿಯುವ ಕೆಲಸವನ್ನೂ ಒಂದೇ ಕೀಲಿಗೆ ಕೊಟ್ಟಿರುತ್ತಾರೆ. ಒಂದು ಬೋಲ್ಟು, ಒಂದು ರೆಕ್ಕೆ ನಟ್ಟು, ಬಿಗಿ ಮಾಡಿದರೆ ಮುಗಿಯಿತು. ನಟ್ಟು ಎಷ್ಟೇ ಬಿಗಿದರೂ 400 ಮಿ.ಮೀ. ಉದ್ದದ ತೋಳಿನ ತುದಿಯನ್ನು ಬೆರಳಲ್ಲಿ ತಳ್ಳಿದರೆ ಮೂಲೆ ಹೋಗುತ್ತದೆ.

ಕೀಲಿಗೆ ಮಡಚುವ ಕೆಲಸ ಮಾತ್ರ ಕೊಡಿ. 90 ಡಿಗ್ರಿಯಲ್ಲಿ ನಿಲ್ಲಿಸುವ ಕೆಲಸ ಇನ್ನೊಂದು ಭಾಗದ್ದು. ಅದನ್ನು ತಡೆ ಎನ್ನೋಣ. ಆ ತಡೆ ಕೀಲಿನಿಂದ ದೂರ ಇದ್ದಷ್ಟೂ ಒಳ್ಳೆಯದು. ಲೆಕ್ಕ ತೀರಾ ಸುಲಭ. ತಡೆಯ ಹತ್ತಿರ 0.05 ಮಿ.ಮೀ. ಸಡಿಲ ಇದೆ ಎಂದುಕೊಳ್ಳಿ. ತಡೆ ಕೀಲಿನಿಂದ 25 ಮಿ.ಮೀ. ದೂರದಲ್ಲಿದ್ದರೆ, 400 ಮಿ.ಮೀ. ತುದಿಯಲ್ಲಿ ಆ ಸಡಿಲ 16 ಪಟ್ಟಾಗಿ 0.8 ಮಿ.ಮೀ. ಆಗುತ್ತದೆ. ಅದೇ ತಡೆಯನ್ನು 100 ಮಿ.ಮೀ. ದೂರಕ್ಕೆ ಒಯ್ದರೆ ನಾಲ್ಕೇ ಪಟ್ಟು, ಅಂದರೆ 0.2 ಮಿ.ಮೀ. ಪಿನ್ನು ಅದೇ, ತೂತು ಅದೇ, ಮಾಡಿದ ಕೈಯೂ ಅದೇ. ಜಾಗ ಬದಲಾಯಿಸಿದ್ದಕ್ಕೆ ಮಟ್ಟ ನಾಲ್ಕು ಪಟ್ಟು ಸುಧಾರಿಸಿತು.

ಇನ್ನೊಂದು ವಿಷಯ. ಸಡಿಲ ಇದ್ದರೂ ಅದು ಪ್ರತಿ ಸಲ ಒಂದೇ ಕಡೆಗೆ ಒತ್ತಿಕೊಂಡು ನಿಂತರೆ ತೊಂದರೆ ಇಲ್ಲ. ತೋಳನ್ನು ತಡೆಗೆ ಸದಾ ಒತ್ತಿ ಹಿಡಿಯುವ ಒಂದು ಸ್ಪ್ರಿಂಗ್ ಅಥವಾ ಎಳೆದು ಬಿಗಿಯುವ ಲಿವರ್ ಹಾಕಿ. ಪಿನ್ನು ತೂತಿನ ಒಂದೇ ಗೋಡೆಗೆ ಆನಿಕೊಳ್ಳುತ್ತದೆ, ಬಿಚ್ಚಿದಾಗಲೆಲ್ಲ ಅದೇ ಜಾಗಕ್ಕೆ ಬರುತ್ತದೆ. ಒಳಗೆ ಗುಂಡು, ಹಿಂದೆ ಸ್ಪ್ರಿಂಗ್ ಇರುವ ‘ಟಕ್’ ಎಂದು ಕೂರುವ ಲಾಕುಗಳನ್ನು ಮೂಲೆ ಹಿಡಿಯಲು ನಂಬಬೇಡಿ. ಕೇಳಲು ಚೆಂದ, ಆದರೆ ಗುಂಡು ಎರಡೂ ಕಡೆಗೆ ಸ್ವಲ್ಪ ಜಾರುತ್ತದೆ. ಮಡಚಿಟ್ಟಾಗ ತೋಳು ತಾನಾಗಿ ಬಿಚ್ಚಿಕೊಳ್ಳದಿರಲು ಮಾತ್ರ ಅದು ಸರಿ.

ಎಂಥೆಂಥ ವಿನ್ಯಾಸಗಳಿವೆ? ಯಾವುದು ನನಗೆ?

ಮುಖ್ಯವಾಗಿ ಎರಡು.

ಮೊದಲನೆಯದು ಜೇಬಿನ ಚಾಕುವಿನ ಹಾಗೆ. ಎರಡು ತಗಡುಗಳ ನಡುವೆ ಸಂದು ಬಿಟ್ಟು ದಪ್ಪ ಹಿಡಿ ಮಾಡುತ್ತಾರೆ, ತೆಳು ಪಟ್ಟಿ ಆ ಸಂದಿನೊಳಗೆ ಮಡಚಿಕೊಳ್ಳುತ್ತದೆ. ಇದರ ಅನುಕೂಲ ದೊಡ್ಡದು. ಹಿಡಿ ದಪ್ಪ ಇರುವುದರಿಂದ ಹಲಗೆಯ ಅಂಚಿಗೆ ಒತ್ತಿ ಹಿಡಿಯಬಹುದು. ಪಟ್ಟಿಯ ಅಂಚು ಚೀಲದಲ್ಲಿ ಏಟು ತಿನ್ನುವುದಿಲ್ಲ. ಆದರೆ ತಡೆಗೆ ಸಿಗುವ ಜಾಗ ಹಿಡಿಯ ಅಗಲದಷ್ಟೇ. 55 ಮಿ.ಮೀ. ಅಗಲದ ಹಿಡಿಯಲ್ಲಿ ಕೀಲನ್ನು ಒಂದು ಅಂಚಿಗೆ, ತಡೆಯ ಪಿನ್ನನ್ನು ಇನ್ನೊಂದು ಅಂಚಿಗೆ ಇಟ್ಟರೆ ನಡುವೆ 45 ಮಿ.ಮೀ. ಸಿಗಬಹುದು. ಕೀಲಿನ ಸಡಿಲವನ್ನು 0.02 ಮಿ.ಮೀ.ಗೆ ಇಳಿಸಿದರೆ 300 ಮಿ.ಮೀ. ಪಟ್ಟಿಯ ತುದಿಯಲ್ಲಿ 0.13 ಮಿ.ಮೀ. ವ್ಯತ್ಯಾಸ. ಇದು ಭೇಷ್. ಪಟ್ಟಿಯ ಉದ್ದ 300 ಮಿ.ಮೀ. ದಾಟಿದರೆ ಈ ವಿನ್ಯಾಸ ಸುಸ್ತಾಗುತ್ತದೆ.

ಎರಡನೆಯದು ಅಡ್ಡಪಟ್ಟಿ ಇರುವುದು. ಎರಡು ತೋಳು, ಮೂಲೆಯಲ್ಲಿ ಕೀಲು, ಎರಡನ್ನೂ ಕೂಡಿಸುವ ಓರೆ ಪಟ್ಟಿ ಒಂದು. ರೋಮನ್ನರ ಕೊಂಡಿಯ ಮೊಮ್ಮಗ ಎನ್ನಿ. 400 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಮಟ್ಟಕ್ಕೆ ಇದೇ ಸರಿ. ಅಡ್ಡಪಟ್ಟಿಯ ತುದಿ ಕೀಲಿನಿಂದ ತುಂಬಾ ದೂರ ಇರುವುದರಿಂದ ಕೀಲು ಸ್ವಲ್ಪ ಸವೆದರೂ ಮೂಲೆ ಸುಲಭಕ್ಕೆ ಜಗ್ಗುವುದಿಲ್ಲ.

ಒಂದು ತೋಳಿನ ಮೇಲೆ ಇನ್ನೊಂದು ತೋಳು ಸುಮ್ನೆ ಕೂರುವ ಮೂರನೇ ರೀತಿಯೂ ಇದೆ. ಮಾಡಲು ಸುಲಭ. ಆದರೆ ಎರಡು ತೋಳೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಹಲಗೆಯನ್ನು ತಾಗಿದರೆ ಇನ್ನೊಂದು ತಗಡಿನ ದಪ್ಪದಷ್ಟು ಮೇಲೆ ನಿಂತಿರುತ್ತದೆ. ಪೆನ್ಸಿಲ್ ಓರೆಯಾಗುತ್ತದೆ, ಗೆರೆ ಸರಿಯುತ್ತದೆ. ಮಾಡುವುದಾದರೆ ಕೂಡುವ ಜಾಗದಲ್ಲಿ ಎರಡನ್ನೂ ಅರ್ಧರ್ಧ ದಪ್ಪ ಇಳಿಸಿ.

ಅಡ್ಡಪಟ್ಟಿಗೆ 3-4-5 ಲೆಕ್ಕ ಹಿಡಿಯಬೇಕಾ?

ಮನೆಯ ಪಾಯ ಗುರುತು ಮಾಡುವಾಗ ಮೇಸ್ತ್ರಿಗಳು ದಾರದಲ್ಲಿ ಮೂರಡಿ, ನಾಲ್ಕಡಿ, ಐದಡಿ ಹಿಡಿದು ಮೂಲೆ ತೆಗೆಯುವುದನ್ನು ನೋಡಿದ್ದೀರಿ. ನಮ್ಮಲ್ಲಿ ಬೌಧಾಯನ ಶುಲ್ಬಸೂತ್ರದಲ್ಲಿ 3-4, 12-5, 15-8, 7-24 ಮುಂತಾದ ಜೋಡಿಗಳ ಪಟ್ಟಿಯೇ ಇದೆ. ಯಜ್ಞವೇದಿಯ ಮೂಲೆ ಹಿಡಿಯಲು ಅವು ಬೇಕಿತ್ತು. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೂಡ 3, 4, 5 ಅಡಿಯ ಪಟ್ಟಿಗಳನ್ನು ತುದಿಗೆ ತುದಿ ಕೂಡಿಸಿ ಮೂಲೆಮಟ್ಟ ಮಾಡಿ ಎನ್ನುತ್ತಾನೆ. ಅಂದರೆ ಲೆಕ್ಕ ಗಟ್ಟಿ.

ಆದರೆ ತೂತುಗಳನ್ನು 3-4-5ಕ್ಕೆ ಸರಿಯಾಗಿ ಕೊರೆದರೆ ಮೂಲೆ ತಾನಾಗಿ ಬರುತ್ತದೆ ಎಂದು ನಂಬಿ ಕೂರಬೇಡಿ. ಉದಾಹರಣೆಗೆ 135, 180, 225 ಮಿ.ಮೀ. ಇಟ್ಟಿರಿ. ಅಡ್ಡಪಟ್ಟಿಯ ಉದ್ದದಲ್ಲಿ 0.1 ಮಿ.ಮೀ. ತಪ್ಪಾದರೆ 400 ಮಿ.ಮೀ. ತುದಿಯಲ್ಲಿ ಸುಮಾರು 0.37 ಮಿ.ಮೀ. ತಪ್ಪುತ್ತದೆ. ಕೈ ಡ್ರಿಲ್ಲಿನಲ್ಲಿ 0.1 ಮಿ.ಮೀ. ಹಿಡಿಯುವುದು ಯಾರಿಂದಲೂ ಆಗದ ಮಾತು.

ಹಾಗಾಗಿ ಕೊನೆಯ ತೂತನ್ನು ಅಳತೆ ಹಿಡಿದು ಕೊರೆಯಲೇಬೇಡಿ. ಎರಡು ತೋಳನ್ನೂ ಒಂದು ಒಳ್ಳೆಯ, ಪರೀಕ್ಷೆ ಮಾಡಿದ, ಮಡಚದ ಮೂಲೆಮಟ್ಟಕ್ಕೆ ಒತ್ತಿ ಕ್ಲ್ಯಾಂಪ್ ಮಾಡಿ. ಅಡ್ಡಪಟ್ಟಿಯನ್ನು ಅದರ ಜಾಗದಲ್ಲಿ ಇಡಿ. ಆಮೇಲೆ ಪಟ್ಟಿ ಮತ್ತು ತೋಳು ಎರಡರಲ್ಲೂ ಒಟ್ಟಿಗೆ ತೂತು ಹಾಕಿ. ಇಲ್ಲಿಗೆ 3-4-5 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಆ ಅನುಪಾತ ಯಾತಕ್ಕೆ ಬೇಕು? ಮಡಚಲು. ಅಡ್ಡಪಟ್ಟಿಯ ಒಂದು ತುದಿ ಉದ್ದ ತೋಳಿಗೆ ಕೀಲಾಗಿ ಕೂತಿರುತ್ತದೆ, ಮಡಚುವಾಗ ಅದು ತೋಳಿನ ತುದಿಯ ಕಡೆಗೆ ಮಲಗಬೇಕು. ಉದ್ದ ತೋಳಿನ ಮೇಲೆ 4ರ ಅಳತೆ ಇಟ್ಟರೆ 4 ಮತ್ತು 5 ಸೇರಿ 9 ಪಾಲು ಜಾಗ ಬೇಕು. 3ರ ಅಳತೆ ಇಟ್ಟರೆ 8 ಪಾಲು ಸಾಕು. ಆದ್ದರಿಂದ ಉದ್ದ ತೋಳಿನಲ್ಲಿ 135 ಮಿ.ಮೀ.ಗೆ ಕೀಲು, ಗಿಡ್ಡ ತೋಳಿನಲ್ಲಿ 180 ಮಿ.ಮೀ.ಗೆ ಲಾಕು. ಆಗ 135 ಮತ್ತು 225 ಸೇರಿ 360, ಅಂದರೆ 400ರ ಒಳಗೆ ಚೊಕ್ಕವಾಗಿ ಮಲಗುತ್ತದೆ. ಕಾಗದದ ಮೇಲೆ ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ ಎಂದು ಬರೆದುಕೊಂಡು ಹೋದವರಿಗೆ ಕೊನೆಗೆ ಪಟ್ಟಿಯ ತುದಿ ಹೊರಗೆ ಚಾಚಿಕೊಂಡಿರುತ್ತದೆ.

ಅಡ್ಡಪಟ್ಟಿ ಗೆರೆ ಎಳೆಯಲು ಅಡ್ಡ ಬರುವುದಿಲ್ಲವೇ?

ಹೊರ ಅಂಚಿನಲ್ಲಿ ಗೆರೆ ಹಾಕುವಾಗ ಇಲ್ಲ. ಆದರೆ ಪಟ್ಟಿ ತೋಳಿನ ಮೇಲೆ ಉಬ್ಬಿಕೊಂಡಿದ್ದರೆ ಮಟ್ಟವನ್ನು ಮಗುಚಿ ಇಡಲು ಆಗುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗೆ ಮಗುಚಲೇಬೇಕು. ಎಡಗೈ ಬಲಗೈ ಬದಲಾಯಿಸಿ ಕೆಲಸ ಮಾಡುವಾಗಲೂ ಬೇಕು. ಹಾಗಾಗಿ ತೋಳಿನಲ್ಲಿ ತೋಡು ಕೊರೆದು ಪಟ್ಟಿಯನ್ನು ಅದರೊಳಗೆ ಮುಳುಗಿಸಿ, ಇಲ್ಲವೇ ತೋಳನ್ನೇ ಎರಡು ಪದರ ಮಾಡಿ ನಡುವೆ ಬಿಡಿ. ಲಾಕಿನ ಗುಬುಟು ಕೂಡ ಮೇಲೆ ಏಳಬಾರದು.

ಕೀಲಿಗೆ ಎಂಥ ಪಿನ್ನು?

ಮಾಮೂಲಿ ಬೋಲ್ಟು ಬೇಡ. ಅದರ ಮೈ ಗುಂಡಗಿರುವುದಿಲ್ಲ, ತೂತಿನಲ್ಲಿ ಅದರ ಮರೆಯೂ (ಥ್ರೆಡ್) ಉಜ್ಜುತ್ತದೆ. ಹದ ಮಾಡಿದ ಡೊವೆಲ್ ಪಿನ್ನು, ಅಂದರೆ ಅಳತೆಗೆ ಸರಿಯಾಗಿ ಮಾಡಿದ ನುಣುಪಾದ ದುಂಡು ಉಕ್ಕಿನ ಪಿನ್ನು ತೆಗೆದುಕೊಳ್ಳಿ. 8 ಮಿ.ಮೀ. ಸಾಕು. ತೂತನ್ನು 7.8ಕ್ಕೆ ಕೊರೆದು ರೀಮರ್ (ಕೊರೆದ ತೂತನ್ನು ಸರಿಯಾದ ಅಳತೆಗೆ ತರುವ ಸಾಧನ) ಹಾಕಿಸಿ. ಬರೀ ಡ್ರಿಲ್ ಹಾಕಿದ ತೂತು 0.1ರಿಂದ 0.2 ಮಿ.ಮೀ. ದೊಡ್ಡದಾಗುವುದು ಸಾಮಾನ್ಯ. ಎಚ್7 ಎಂಬ ಅಳತೆ ಮಟ್ಟದ ರೀಮರ್ ಹಾಕಿದ 8 ಮಿ.ಮೀ. ತೂತು ಹೆಚ್ಚೆಂದರೆ 0.015 ಮಿ.ಮೀ. ದೊಡ್ಡದಿರುತ್ತದೆ. ಇಡೀ ಮಟ್ಟದಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಇದೊಂದು.

ಲಾಕಿಗೆ ಓರೆ ಪಿನ್ನು, ಅಂದರೆ ಟೇಪರ್ ಪಿನ್ನು, ಇನ್ನೂ ಒಳ್ಳೆಯದು. ಅದು 50 ಮಿ.ಮೀ.ಗೆ 1 ಮಿ.ಮೀ. ಸಣ್ಣಗಾಗುತ್ತಾ ಹೋಗುತ್ತದೆ. ತೂತು ಸವೆದರೆ ಪಿನ್ನು ಸ್ವಲ್ಪ ಒಳಗೆ ಇಳಿಯುತ್ತದೆ, ಸಡಿಲ ಮತ್ತೆ ಸೊನ್ನೆ. ಆ ಪಿನ್ನನ್ನು ಒಂದು ಸಣ್ಣ ಸರಪಳಿಯಲ್ಲಿ ಮಟ್ಟಕ್ಕೇ ಕಟ್ಟಿ. ಇಲ್ಲದಿದ್ದರೆ ಮೊದಲನೇ ವಾರವೇ ಮರದ ಪುಡಿಯಲ್ಲಿ ಸೇರಿಹೋಗುತ್ತದೆ.

ಮರದ ಪುಡಿಯಿಂದ ತೊಂದರೆ ಆಗುತ್ತದಾ?

ಆಗುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಜೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಅಷ್ಟೇ ದಪ್ಪದ ಪುಡಿ 45 ಮಿ.ಮೀ. ದೂರದ ತಡೆಯಲ್ಲಿ ಸಿಕ್ಕಿಕೊಂಡರೆ 300 ಮಿ.ಮೀ. ಪಟ್ಟಿಯ ತುದಿ 0.67 ಮಿ.ಮೀ. ಆಚೆ ಹೋಗುತ್ತದೆ. ರೀಮರ್ ಹಾಕಿಸಿದ್ದೆಲ್ಲ ದಂಡ.

ತಡೆಯನ್ನು ಅಗಲವಾದ ಸಪಾಟು ಮುಖ ಮಾಡಬೇಡಿ. ಪುಡಿ ಅದರ ಮೇಲೆ ಕೂತು ಹಪ್ಪಳವಾಗುತ್ತದೆ. ದುಂಡು ಪಿನ್ನಿಗೆ ಸಪಾಟು ಅಂಚು ತಾಗಲಿ. ತಾಗುವ ಜಾಗ ಒಂದು ಗೆರೆಯಷ್ಟೇ ಇದ್ದರೆ ಪುಡಿ ಅಕ್ಕಪಕ್ಕಕ್ಕೆ ಸರಿದು ಬೀಳುತ್ತದೆ. ಪಿನ್ನಿನ ಹಿಂದೆ ಆರ್‌ಪಾರ್ ಒಂದು ಕಿಂಡಿ ಬಿಡಿ. ಊದಿದರೆ ಹೋಗಬೇಕು. ಕೀಲಿಗೆ ಎಣ್ಣೆ ಸುರಿಯಬೇಡಿ, ಪುಡಿ ಮತ್ತು ಎಣ್ಣೆ ಸೇರಿ ಅಂಟಾಗುತ್ತದೆ. ಮೇಣ ಒರೆಸಿದರೆ ಸಾಕು. ಒಳ ಮೂಲೆಯಲ್ಲೂ ಒಂದು ಸಣ್ಣ ತೂತು ಕೊರೆದಿಡಿ. ಹಲಗೆಯ ಮೂಲೆಯ ಸಿಬಿರು, ಒಣಗಿದ ಅಂಟು ಅದರೊಳಗೆ ಹೋಗುತ್ತದೆ, ಮಟ್ಟ ಸರಿಯಾಗಿ ಕೂರುತ್ತದೆ.

ಉಕ್ಕೋ, ಅಲ್ಯೂಮಿನಿಯಮ್ಮೋ?

400 ಮತ್ತು 300 ಮಿ.ಮೀ. ತೋಳು, 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಎಂದುಕೊಂಡರೆ ಉಕ್ಕಿನಲ್ಲಿ ತೋಳುಗಳೇ ಸುಮಾರು 660 ಗ್ರಾಂ ಆಗುತ್ತವೆ. ಅಲ್ಯೂಮಿನಿಯಂನಲ್ಲಿ ಸುಮಾರು 230 ಗ್ರಾಂ. ಹೊತ್ತು ತಿರುಗುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಅಲ್ಯೂಮಿನಿಯಂ ಮೆದು, ಏಟು ಬಿದ್ದ ಕಡೆ ಅಂಚು ಕಚ್ಚಾಗುತ್ತದೆ, ತಿಳಿ ಬಣ್ಣದ ಮರದ ಮೇಲೆ ಬೂದು ಗೀರು ಬಿಡುತ್ತದೆ. ಆನೊಡೈಸ್ ಮಾಡಿಸಿದರೆ, ಅಂದರೆ ಮೇಲೆ ಗಟ್ಟಿ ಪದರ ಬರಿಸಿದರೆ, ಗೀರು ಕಮ್ಮಿ. ತಡೆ ಮತ್ತು ಲಾಕಿನ ತೂತುಗಳಿಗೆ ಉಕ್ಕಿನ ಬುಶ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಹಾಕಿಸಲೇಬೇಕು. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಕಚ್ಚಿಕೊಳ್ಳುತ್ತದೆ, ನಡುವೆ ನೈಲಾನ್ ಅಥವಾ ಹಿತ್ತಾಳೆಯ ವಾಷರ್ ಇರಲಿ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್‌ಗೂ ಇದೇ ಮಾತು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮೈಲ್ಡ್ ಸ್ಟೀಲ್ ಬಿಟ್ಟುಬಿಡುವುದು ವಾಸಿ. ಒಂದು ಮಳೆಗಾಲದಲ್ಲಿ ಅಂಕಿಗಳೇ ಮಾಯ.

ಬಿಸಿಲಿನ ವಿಚಾರ ಬಹಳ ಜನರಿಗೆ ಹೊಳೆಯುವುದಿಲ್ಲ. ಇಡೀ ಮಟ್ಟ ಒಂದೇ ಲೋಹದ್ದಾದರೆ ಬಿಸಿಯಾದಾಗ ಎಲ್ಲ ಭಾಗವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಮೂಲೆ ಬದಲಾಗುವುದಿಲ್ಲ. ತೋಳು ಅಲ್ಯೂಮಿನಿಯಂ, ಅಡ್ಡಪಟ್ಟಿ ಉಕ್ಕು ಎಂದು ಬೆರೆಸಿದರೆ ಮಾತ್ರ ಎಡವಟ್ಟು. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಕೀಲಿನಿಂದ 300, 400 ಮಿ.ಮೀ. ದೂರದಲ್ಲಿ ಅಡ್ಡಪಟ್ಟಿ ಕೂಡಿಸಿದ ದೊಡ್ಡ ಮಟ್ಟದಲ್ಲಿ 20 ಡಿಗ್ರಿ ಬಿಸಿ ಏರಿದರೆ 600 ಮಿ.ಮೀ. ತುದಿಯಲ್ಲಿ ಸುಮಾರು 0.28 ಮಿ.ಮೀ. ತಪ್ಪುತ್ತದೆ. ಬೆಳಗ್ಗೆ ಸರಿ ಇದ್ದ ಮಟ್ಟ ಮಧ್ಯಾಹ್ನ ತಾರಸಿಯ ಮೇಲೆ ಸುಳ್ಳು ಹೇಳುತ್ತದೆ. ಅಡ್ಡಪಟ್ಟಿ ತೋಳಿನ ಲೋಹದ್ದೇ ಇರಲಿ.

ತೇಗದಲ್ಲೋ ಬೀಟೆಯಲ್ಲೋ ಮಾಡಬಹುದಾ?

ಹಿಡಿಗೆ ಮರ ಚೆಂದ, ಕೈಗೆ ಹಿತ. ತಡೆ ಮತ್ತು ಕೀಲು ಮಾತ್ರ ಲೋಹದ ತಟ್ಟೆಯ ಮೇಲೆ ಇರಬೇಕು. ಮರ ಅಗಲದಲ್ಲಿ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ನಿಮಗೇ ಗೊತ್ತು.

45, 60, 30 ಡಿಗ್ರಿಗೂ ತಡೆ ಇಟ್ಟರೆ?

90 ಬೇಕೇ ಬೇಕು. 45 ಇದ್ದರೆ ಒಳ್ಳೆಯದು, ಫ್ರೇಮಿನ ಮೂಲೆ ಕತ್ತರಿಸಲು ಬರುತ್ತದೆ. ಅದರಾಚೆಗೆ ನನಗೆ ಉತ್ಸಾಹ ಇಲ್ಲ. ಒಂದೊಂದು ತಡೆಯೂ ಇನ್ನೊಂದು ತೂತು, ಇನ್ನೊಂದು ಪರೀಕ್ಷೆ, ಪುಡಿಗೆ ಇನ್ನೊಂದು ಮನೆ. ಮಲೆನಾಡಿನ ಹಂಚಿನ ಮಾಡಿಗೆ ಬೇಕಾದ ಇಳಿಜಾರು ಮನೆಯಿಂದ ಮನೆಗೆ ಬದಲಾಗುತ್ತದೆ. ಅದನ್ನು ಯಾವ ತಡೆಯೂ ಮೊದಲೇ ಊಹಿಸುವುದಿಲ್ಲ. ಅಂಥ ಕೋನಗಳಿಗೆ, ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯುವ ಬೆವೆಲ್ ಇದೆಯಲ್ಲ.

ಅಳತೆಯ ಗುರುತು ಹೇಗಿರಬೇಕು?

ಒಂದು ಕಡೆ ಮಿ.ಮೀ., ಇನ್ನೊಂದು ಕಡೆ ಇಂಚು. ನಮ್ಮಲ್ಲಿ ಪ್ಲೈವುಡ್ ಹಾಳೆ ಎಂಟು ನಾಲ್ಕಡಿ, ಅದರ ದಪ್ಪ ಮಾತ್ರ ಮಿ.ಮೀ.ನಲ್ಲಿ. ಎರಡೂ ಇಲ್ಲದೆ ಕೆಲಸ ನಡೆಯುವುದಿಲ್ಲ. ಇಂಚಿನ ಕಡೆ ಎಂಟನೇ ಒಂದು ಭಾಗದ ಗುರುತು, ಅಂದರೆ ಒಂದೊಂದು ನೂಲು, ಎದ್ದು ಕಾಣಲಿ. ಹೊರ ಅಂಚಿನ ಸೊನ್ನೆ ಹೊರ ಮೂಲೆಯಿಂದ, ಒಳ ಅಂಚಿನದು ಒಳ ಮೂಲೆಯಿಂದ ಶುರುವಾಗಬೇಕು. ಕೀಲಿನ ದುಂಡು ತಲೆ ಹೊರ ಮೂಲೆಯನ್ನು ತಿಂದುಹಾಕುವ ವಿನ್ಯಾಸವಾದರೆ ಹೊರ ಅಂಚಿನ ಸೊನ್ನೆಯನ್ನು ನಂಬಬೇಡಿ, 100ರಿಂದ ಅಳೆಯಿರಿ. ಬಣ್ಣದ ಅಂಕಿಗಿಂತ ಲೇಸರಿನಲ್ಲಿ ಕೆತ್ತಿಸಿದ್ದು ಬಾಳಿಕೆ ಬರುತ್ತದೆ.

ಮಾಡಿಸುವುದು ಎಲ್ಲಿ, ಯಾವ ಕ್ರಮದಲ್ಲಿ?

ಮೊದಲು ದಪ್ಪ ರಟ್ಟಿನಲ್ಲೋ ಎಂಡಿಎಫ್‌ನಲ್ಲೋ ಪೂರ್ತಿ ಅಳತೆಯ ಮಾದರಿ ಕತ್ತರಿಸಿ, ಗುಂಡುಸೂಜಿ ಚುಚ್ಚಿ ಮಡಚಿ ನೋಡಿ. ಏನು ಯಾವುದಕ್ಕೆ ಬಡಿಯುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ. ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೂ ನೋಡಿಕೊಳ್ಳಿ. ಆಮೇಲೆ ತಗಡು. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೇಸರ್ ಕಟಿಂಗ್, ಲೇತ್, ಗ್ರೈಂಡಿಂಗ್ ಮಾಡುವವರನ್ನು ವಿಚಾರಿಸಿ. ಒಂದೇ ಒಂದು ಪೀಸ್ ಎಂದರೆ ಮುಖ ಸಿಂಡರಿಸುತ್ತಾರೆ. ಪರಿಚಯದವರು ನಾಲ್ಕು ಜನ ಸೇರಿ ಹೋಗಿ.

ಕ್ರಮದಲ್ಲಿ ಒಂದೇ ಗುಟ್ಟು: ಅಂಚುಗಳನ್ನು ಕೊನೆಗೆ ಮಾಡಿ. ಲೇಸರಿನಲ್ಲಿ ಕತ್ತರಿಸುವಾಗ ಅಂಚಿಗೆ ಅರ್ಧ ಮಿ.ಮೀ. ಹೆಚ್ಚಿಗೆ ಬಿಟ್ಟಿರಿ. ಕೀಲು ಕೂಡಿಸಿ, ಲಾಕು ಹಾಕಿ, ಮಟ್ಟವನ್ನು 90ರಲ್ಲಿ ನಿಲ್ಲಿಸಿ, ಆಮೇಲೆ ನಾಲ್ಕೂ ಅಂಚುಗಳನ್ನು ಗ್ರೈಂಡ್ ಮಾಡಿಸಿ. ತೂತುಗಳು ಕೂದಲೆಳೆ ಆಚೀಚೆ ಆಗಿದ್ದರೂ ಆ ತಪ್ಪು ಇಲ್ಲಿ ತೀರಿಹೋಗುತ್ತದೆ. ಬಿಚ್ಚಿದಾಗಲೆಲ್ಲ ಅದೇ ಜಾಗಕ್ಕೆ ಬಂದು ನಿಲ್ಲುವ ಮಟ್ಟವಾದರೆ ಅದರ ಅಂಚನ್ನು ಯಾವಾಗ ಬೇಕಾದರೂ ಸರಿ ಮಾಡಬಹುದು. ಬಿಚ್ಚಿದಾಗಲೆಲ್ಲ ಬೇರೆ ಬೇರೆ ಕಡೆ ನಿಲ್ಲುವುದನ್ನು ಯಾವ ಗ್ರೈಂಡರೂ ಸರಿ ಮಾಡಲಾರದು.

ಸರಿ ಇದೆಯೇ ಎಂದು ಪರೀಕ್ಷೆ ಮಾಡುವುದು ಹೇಗೆ?

ಅಂಚು ನೆಟ್ಟಗಿರುವ ಒಂದು ಪ್ಲೈವುಡ್ ತುಂಡು ಸಾಕು. ಮಟ್ಟವನ್ನು ಅಂಚಿಗೆ ಒತ್ತಿ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಂದರೆ ಸರಿ. ತುದಿಯಲ್ಲಿ ಗೆರೆಗಳ ನಡುವೆ 0.6 ಮಿ.ಮೀ. ಇದ್ದರೆ ಮಟ್ಟದ ತಪ್ಪು ಅದರ ಅರ್ಧ, 0.3.

ಇದು ಯಾವ ಮಟ್ಟಕ್ಕಾದರೂ ಮಾಡುವ ಪರೀಕ್ಷೆ. ಮಡಚುವುದಕ್ಕೆ ಇನ್ನೊಂದು ಬೇಕು. ಮಗುಚದೆ, ಒಂದೇ ಜಾಗದಲ್ಲಿ ಇಟ್ಟು, ಪ್ರತಿ ಗೆರೆಗೂ ಮೊದಲು ಮಟ್ಟವನ್ನು ಪೂರ್ತಿ ಮಡಚಿ ಬಿಚ್ಚಿ. ಏಳೆಂಟು ಗೆರೆ ಎಳೆಯಿರಿ. ಎಲ್ಲವೂ ಒಂದೇ ಗೆರೆಯಾಗಿ ಕಂಡರೆ ಗೆದ್ದಿರಿ. ಬೀಸಣಿಗೆಯಾಗಿ ಹರಡಿಕೊಂಡರೆ ತಡೆಯೋ ಕೀಲೋ ಸಡಿಲ. ಪೂರ್ತಿ ಪ್ಲೈವುಡ್ ಹಾಳೆಯ ಮೇಲೆ ನೋಡುವುದಾದರೆ ಮೊದಲು ಹಾಳೆಯನ್ನೇ ನೋಡಿ. 2440ಕ್ಕೆ 1220 ಮಿ.ಮೀ. ಹಾಳೆಯ ಎರಡೂ ಕರ್ಣ 2728 ಮಿ.ಮೀ. ಇರಬೇಕು.

ಕೈಜಾರಿ ಬಿದ್ದರೆ? ಸವೆದರೆ?

ಮಡಚದ ಉಕ್ಕಿನ ಮಟ್ಟ ಬಿದ್ದು ಮೂಲೆ ತಪ್ಪಿದರೆ ಹಳೆಯ ಬಡಗಿಗಳ ಹತ್ತಿರ ಒಂದು ಉಪಾಯ ಇದೆ. ಮೂಲೆಯ ಒಳಭಾಗಕ್ಕೆ ಪಂಚ್ ಇಟ್ಟು ಹೊಡೆದರೆ ಲೋಹ ಹರಡಿ ಕೋನ ಹಿಗ್ಗುತ್ತದೆ, ಹೊರಭಾಗಕ್ಕೆ ಹೊಡೆದರೆ ಕುಗ್ಗುತ್ತದೆ. ಕೀಲಿರುವ ಮಟ್ಟಕ್ಕೆ ಇದು ನಡೆಯುವುದಿಲ್ಲ. ಆದರೆ ಅದಕ್ಕಿಂತ ಸುಲಭದ ದಾರಿಯನ್ನು ವಿನ್ಯಾಸದಲ್ಲೇ ಇಟ್ಟುಕೊಳ್ಳಬಹುದು: ತಡೆಯನ್ನು ಸರಿಹೊಂದಿಸುವಂತೆ ಮಾಡುವುದು.

ಎಲ್ಲರೂ ಮೊದಲು ಎಂ4 ಗ್ರಬ್ ಸ್ಕ್ರೂ, ಅಂದರೆ 4 ಮಿ.ಮೀ.ನ ತಲೆ ಇಲ್ಲದ ತಿರುಪು ಹಾಕುತ್ತಾರೆ. ಅದರ ಮರೆ ಒಂದು ಸುತ್ತಿಗೆ 0.7 ಮಿ.ಮೀ. ಮುಂದೆ ಹೋಗುತ್ತದೆ. 45 ಮಿ.ಮೀ. ದೂರದ ತಡೆಯಲ್ಲಿ ಕಾಲು ಸುತ್ತು ತಿರುಗಿಸಿದರೆ 300 ಮಿ.ಮೀ. ತುದಿ 1.2 ಮಿ.ಮೀ. ಹಾರುತ್ತದೆ. ಇದು ತೀರಾ ಒರಟು. ಅದರ ಬದಲು ನಡು ತಪ್ಪಿಸಿ ಮಾಡಿದ ಪಿನ್ನು, ಅಂದರೆ ಎಕ್ಸೆಂಟ್ರಿಕ್ ಪಿನ್ನು ಹಾಕಿ. ನಡು 0.3 ಮಿ.ಮೀ. ತಪ್ಪಿದ್ದರೆ ಅರ್ಧ ಸುತ್ತಿನಲ್ಲಿ ತಡೆ ಒಟ್ಟು 0.6 ಮಿ.ಮೀ. ಮಾತ್ರ ಸರಿಯುತ್ತದೆ. ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ತಿರುಗಿಸಿ, ಪಕ್ಕದ ತಿರುಪನ್ನು ಬಿಗಿದರೆ ಆಯಿತು. ಸರಿ ಮಾಡಿದ ಮೇಲೆ ಅದರ ಮೇಲೆ ಒಂದು ತೊಟ್ಟು ಉಗುರುಬಣ್ಣ ಹಾಕಿಡಿ. ಯಾರಾದರೂ ಮುಟ್ಟಿದ್ದರೆ ಒಡೆದಿರುತ್ತದೆ.

ಪೇಟೆಂಟ್ ಸಿಗುತ್ತದಾ?

ಬರೀ ‘ಮಡಚುವ ಮೂಲೆಮಟ್ಟ’ ಎಂದರೆ ಸಿಗುವುದಿಲ್ಲ, ಅದು ಶತಮಾನಗಳಿಂದ ಇದೆ. ಗೊತ್ತಿರುವ ಭಾಗಗಳನ್ನು ಸುಮ್ಮನೆ ಅಕ್ಕಪಕ್ಕ ಜೋಡಿಸಿದ್ದು ಆವಿಷ್ಕಾರವಲ್ಲ ಎಂದು 1970ರ ಪೇಟೆಂಟ್ ಕಾಯಿದೆಯ 3(ಎಫ್) ಕಲಮು ಹೇಳುತ್ತದೆ. ನಿಮ್ಮ ಲಾಕು ನಿಜವಾಗಿಯೂ ಹೊಸದಾಗಿದ್ದರೆ ಆ ಲಾಕಿಗೆ ಪ್ರಯತ್ನಿಸಿ. ಕರ್ನಾಟಕದವರು ಅರ್ಜಿ ಹಾಕುವುದು ಚೆನ್ನೈ ಕಚೇರಿಗೆ. ಮೊದಲು ಪ್ರಾವಿಷನಲ್ ಅರ್ಜಿ ಹಾಕಿ, ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಪಡೆಯಬಹುದು. ಪೇಟೆಂಟ್ ಸಿಕ್ಕರೆ ಅವಧಿ 20 ವರ್ಷ. ಅರ್ಜಿ ಹಾಕುವ ಮೊದಲು ಯೂಟ್ಯೂಬಿಗೆ ಹಾಕಿದರೆ ‘ಹೊಸದು’ ಎಂಬ ಮಾತೇ ಬಿದ್ದುಹೋಗಬಹುದು. ನೋಟ, ಆಕಾರ ಮಾತ್ರ ಹೊಸದಾದರೆ 2000ದ ಡಿಸೈನ್ಸ್ ಕಾಯಿದೆಯಡಿ ನೋಂದಣಿ ಇದೆ. ಅದಕ್ಕೆ 10 ವರ್ಷ, ಮತ್ತೆ 5 ವರ್ಷ ಮುಂದುವರಿಸಬಹುದು.

ಇದು ಯಾರಿಗೆ ಬೇಡ?

ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಬೇಡ. ಗೋಡೆಗೆ ಮೊಳೆ ಹೊಡೆದು ಮಡಚದ ಮಟ್ಟವನ್ನು ನೇತುಹಾಕಿ, ಅದಕ್ಕೆ ಕೀಲೂ ಇಲ್ಲ, ಸಡಿಲವೂ ಇಲ್ಲ. ಮಡಚುವುದು ಇದ್ದವರೂ ಒಂದು ಮಡಚದ ಮಟ್ಟವನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು. ವಾರಕ್ಕೊಮ್ಮೆ ಇದನ್ನು ಅದಕ್ಕೆ ಒತ್ತಿ, ನಡುವೆ ಬೆಳಕು ಇಣುಕುತ್ತದೆಯೇ ಎಂದು ನೋಡಲು.